ಕಲಾ ಇತಿಹಾಸದಲ್ಲಿ ಎಂ.ಎ: ಮಲೆನಾಡಿನ ವಿದ್ಯಾರ್ಥಿಗೆ ಯಾವ ದಾರಿ?

ಡಿಗ್ರಿ ಕೊನೆಯ ವರ್ಷದ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ: "ಕಲಾ ಇತಿಹಾಸದಲ್ಲಿ ಎಂ.ಎ ಮಾಡಬೇಕು ಅಂತಿದೆ, ಎಲ್ಲಿ ಸೇರಲಿ?" ಶಿವಮೊಗ್ಗ, ಸಾಗರ, ಸೊರಬ, ಶಿಕಾರಿಪುರದ ಮಕ್ಕಳಿಗೆ ಈ ಆಸೆ ಹುಟ್ಟುವುದು ಸಹಜ. ಕೆರೆ ಏರಿಯ ಮೇಲೆ, ಗದ್ದೆ ಬದುವಿನಲ್ಲಿ ವೀರಗಲ್ಲು ನೋಡುತ್ತಲೇ ಬೆಳೆದವರು ಅವರು. ನಾನು ಅವರಿಗೆ ಮೊದಲು ಹೇಳುವುದು ಇಷ್ಟೇ. ಕಾಲೇಜಿನ ಹೆಸರಿನಿಂದ ಯೋಚನೆ ಶುರು ಮಾಡಬೇಡಿ. ನಿಮಗೆ ದಿನಗಟ್ಟಲೆ ನೋಡುತ್ತಾ ಕೂರಬೇಕು ಅನಿಸುವುದು ಯಾವುದನ್ನು? ಕಲ್ಲಿನ ಶಿಲ್ಪವನ್ನೋ, ಕ್ಯಾನ್ವಾಸ್ ಮೇಲಿನ ಚಿತ್ರವನ್ನೋ, ಗೋಡೆಯ ಮೇಲಿನ ಹಸೆ ಚಿತ್ತಾರವನ್ನೋ? ಇದು ತೀರ್ಮಾನವಾದರೆ ಪಟ್ಟಿಯಲ್ಲಿರುವ ಅರ್ಧ ಹೆಸರು ತಾನಾಗಿ ಬಿದ್ದುಹೋಗುತ್ತವೆ.

ಯಾಕೆಂದರೆ ಕರ್ನಾಟಕದಲ್ಲಿ 'ಕಲಾ ಇತಿಹಾಸ' ಅನ್ನುವ ಹೆಸರಿನಲ್ಲೇ ಸ್ನಾತಕೋತ್ತರ ಪದವಿ ಕೊಡುವ ಕಡೆಗಳು ಕಡಿಮೆ. ದೇವಾಲಯ ಮತ್ತು ಶಿಲ್ಪದ ಪಾಠ ಹೆಚ್ಚಾಗಿ ನಡೆಯುವುದು ಇತಿಹಾಸ, ಪ್ರಾಚೀನ ಇತಿಹಾಸ, ಪುರಾತತ್ವ ವಿಭಾಗಗಳಲ್ಲಿ. ಆಧುನಿಕ ಚಿತ್ರಕಲೆಯ ಇತಿಹಾಸವನ್ನು ಹೇಳಿಕೊಡುವುದು ದೃಶ್ಯಕಲಾ ಕಾಲೇಜುಗಳಲ್ಲಿ. ಹೆಸರು ಒಂದೇ ಥರ ಕೇಳಿಸಿದರೂ ಕಲಿಸುವುದು ಬೇರೆ ಬೇರೆ.

ಇಕ್ಕೇರಿಯಲ್ಲಿ ನಿಂತು ನೋಡಿ

ಸಾಗರದ ಹತ್ತಿರದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವನ್ನೇ ತೆಗೆದುಕೊಳ್ಳೋಣ. ಇತಿಹಾಸ ಎಂ.ಎ ಮಾಡಿದವರು ಇಲ್ಲಿ ಕೇಳುವ ಪ್ರಶ್ನೆ ರಾಜ್ಯದ ಬಗ್ಗೆ ಇರುತ್ತದೆ. ಇಲ್ಲಿ ಆಳಿದ ಕೆಳದಿಯ ನಾಯಕ ಅರಸರು ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೆ, ಆಮೇಲೆ ಬಿದನೂರಿಗೆ ಯಾಕೆ ಸಾಗಿಸಿದರು? ವಿಜಯನಗರದ ಜೊತೆ ಅವರ ಸಂಬಂಧ ಹೇಗೆ ಬದಲಾಯಿತು? ದೇವಸ್ಥಾನಕ್ಕೆ ಭೂಮಿ ಬಿಟ್ಟವರು ಯಾರು? ಪುರಾತತ್ವ ಓದಿದವರು ಅಳತೆ ಹಿಡಿಯುತ್ತಾರೆ, ನಕ್ಷೆ ಬರೆಯುತ್ತಾರೆ, ಸುತ್ತಲಿನ ಹಳೇ ಪಟ್ಟಣದ ಕುರುಹು ಹುಡುಕುತ್ತಾರೆ.

ಕಲಾ ಇತಿಹಾಸದವರು ಮೊದಲು ನಿಲ್ಲುವುದು ಎದುರಿನ ನಂದಿ ಮಂಟಪದ ಕಮಾನುಗಳ ಮುಂದೆ. ಶಿವ ದೇವಾಲಯದ ಎದುರಿಗೆ ಇಂಥ ಕಮಾನು ಹೇಗೆ ಬಂತು? ಬಿಜಾಪುರದ ಕಡೆಯ ಕಟ್ಟಡಗಳ ರೀತಿ ಈ ಘಟ್ಟದ ಅಂಚಿಗೆ ಯಾವ ದಾರಿಯಲ್ಲಿ ತಲುಪಿತು? ಹೊಯ್ಸಳರ ಕಾಲದ ಗುರುತು ಎಲ್ಲಿದೆ, ವಿಜಯನಗರದ್ದು ಎಲ್ಲಿದೆ, ಎರಡೂ ಒಂದೇ ಕಟ್ಟಡದಲ್ಲಿ ಹೇಗೆ ಹೊಂದಿಕೊಂಡವು? ಒಳಗೆ ಹೋದರೆ ನೆಲಹಾಸಿನ ಮೇಲೆ ದೇವರಿಗೆ ಅಡ್ಡಬಿದ್ದ ಹಾಗೆ ಕೆತ್ತಿದ ನಾಯಕರ ಆಕೃತಿಗಳಿವೆ. ಎಲ್ಲರೂ ಕಾಲಿಡುವ ಜಾಗದಲ್ಲಿ ಅರಸನ ರೂಪವನ್ನು ಯಾಕೆ ಕೆತ್ತಿದರು? ಇದನ್ನು ಕೇಳುವುದಕ್ಕೆ, ಕೇಳಿ ಬೇರೆ ದೇವಾಲಯಗಳ ಜೊತೆ ಹೋಲಿಸಿ ಉತ್ತರ ಕಟ್ಟುವುದಕ್ಕೆ ಬೇರೆಯದೇ ತರಬೇತಿ ಬೇಕು.

ಇನ್ನು ಸಂರಕ್ಷಣೆ ಓದಿದವರು ತಲೆಯೆತ್ತಿ ಮಾಳಿಗೆ ನೋಡುತ್ತಾರೆ. ಮಲೆನಾಡಿನ ಮಳೆ ಎಲ್ಲಿ ಸೋರುತ್ತಿದೆ, ಕಲ್ಲಿನ ಮೇಲಿನ ಪಾಚಿಯನ್ನು ಕೆತ್ತನೆಗೆ ಪೆಟ್ಟಾಗದ ಹಾಗೆ ತೆಗೆಯುವುದು ಹೇಗೆ ಅನ್ನುವುದು ಅವರ ಚಿಂತೆ. ಈ ನಾಲ್ಕರಲ್ಲಿ ನಿಮ್ಮ ಪ್ರಶ್ನೆ ಯಾವುದು ಅಂತ ಒಂದು ಸಲ ಇಕ್ಕೇರಿಗೆ ಹೋಗಿ ನೋಡಿಕೊಳ್ಳಿ. ಅರ್ಜಿ ತುಂಬುವ ಮೊದಲೇ ಹೋಗಿ.

ಮನೆ ಹತ್ತಿರ: ಶಂಕರಘಟ್ಟ

1987ರಲ್ಲಿ ಶುರುವಾದ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ ಇದೆ. ಪದವಿಯ ಹೆಸರು ಇತಿಹಾಸ, ಕಲಾ ಇತಿಹಾಸ ಅಲ್ಲ. ಆದರೂ ಇದನ್ನು ಕಡೆಗಣಿಸಬೇಡಿ. ಖರ್ಚು ಕಡಿಮೆ, ಕನ್ನಡದಲ್ಲಿ ಪರೀಕ್ಷೆ ಬರೆಯಬಹುದು, ಮನೆಯಲ್ಲಿ ತೋಟ ನೋಡಿಕೊಳ್ಳುವ ಜವಾಬ್ದಾರಿ ಇದ್ದವರು ವಾರಕ್ಕೊಮ್ಮೆ ಊರಿಗೆ ಬಂದು ಹೋಗಬಹುದು. ಸಾಗರದ ಹತ್ತಿರದ ಕೆಳದಿ ವಸ್ತುಸಂಗ್ರಹಾಲಯವೂ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿರುವ ತಾಳೆಗರಿ, ಹಳೆಯ ಕಾಗದ ಪತ್ರಗಳನ್ನು ನೋಡಲು ದೂರದ ಊರಿನವರು ರಜೆ ಹಾಕಿ ಬರಬೇಕು. ನಿಮಗೆ ಅದು ಪಕ್ಕದಲ್ಲೇ ಇದೆ.

ಕೊರತೆಯೂ ಇದೆ. ರಾಜಕೀಯ ಇತಿಹಾಸ, ಆರ್ಥಿಕ ಇತಿಹಾಸ, ಸ್ವಾತಂತ್ರ್ಯ ಚಳವಳಿ ಎಲ್ಲವನ್ನೂ ಓದಬೇಕಾಗುತ್ತದೆ, ಶಿಲ್ಪಕ್ಕೆ ಸಿಗುವ ಸಮಯ ಸ್ವಲ್ಪ. ಚಿತ್ರವೊಂದನ್ನು ಗೆರೆ, ಬಣ್ಣ, ಅಂತರ ಅಂತ ಬಿಡಿಸಿ ನೋಡುವ ಪಾಠ ಇಲ್ಲಿ ನಿರೀಕ್ಷಿಸಬೇಡಿ. ಆ ಕೊರತೆಯನ್ನು ನೀವೇ ತುಂಬಿಕೊಳ್ಳಬೇಕು. ಕಿರುಪ್ರಬಂಧ ಬರೆಯುವ ಅವಕಾಶ ಬಂದಾಗ ಬಂದಳಿಕೆಯ ದೇವಾಲಯಗಳೋ, ಹುಂಚದ ಪಂಚಕೂಟ ಬಸದಿಯೋ, ಕುಬಟೂರಿನ ಕೈಟಭೇಶ್ವರವೋ, ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ. ಮುಂದೆ ಪಿಎಚ್‌ಡಿಗೆ ಬೇರೆ ಕಡೆ ಹೋಗುವಾಗ ಆ ಕಿರುಪ್ರಬಂಧವೇ ನಿಮ್ಮ ಪರವಾಗಿ ಮಾತಾಡುತ್ತದೆ.

ಕೆಲಸ ಬಿಡಲು ಆಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣ ಇದೆ. ಪದವಿ ಸಿಗುತ್ತದೆ. ಆದರೆ ಈ ವಿಷಯದಲ್ಲಿ ಗುರುಗಳ ಜೊತೆ ನಿಂತು ಒಂದು ವಿಗ್ರಹವನ್ನು ನೋಡುವುದೇ ಅರ್ಧ ಓದು. ಬೇರೆ ದಾರಿ ಇದ್ದರೆ ದೂರಶಿಕ್ಷಣ ಬೇಡ ಅನ್ನುತ್ತೇನೆ.

ಮೈಸೂರು, ಧಾರವಾಡ: ಕಲ್ಲು ಓದಬೇಕೆನ್ನುವವರಿಗೆ

ನನ್ನ ಒಲವು ಎಲ್ಲಿದೆ ಅಂತ ಮುಚ್ಚಿಡುವುದಿಲ್ಲ. ಮಲೆನಾಡಿನ ವಿದ್ಯಾರ್ಥಿಗೆ ದೇವಾಲಯ ಮತ್ತು ಶಿಲ್ಪದಲ್ಲಿ ಆಸಕ್ತಿ ಇದ್ದರೆ ಮೊದಲು ನೋಡಬೇಕಾದದ್ದು ಈ ಎರಡು ಊರುಗಳನ್ನು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರ ವಿಭಾಗ ಇದೆ. ಜೊತೆಗೆ 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನಾ ಸಂಸ್ಥೆಯೂ ಅಲ್ಲಿದೆ.

ಶಾಸನ ಯಾಕೆ ಅಷ್ಟು ಮುಖ್ಯ? ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಬನ್ನಿ. 1117ರಲ್ಲಿ ಪ್ರತಿಷ್ಠೆಯಾದ ಈ ದೇವಾಲಯದ ಮದನಿಕೆಯರನ್ನು ಎಲ್ಲರೂ ನೋಡಿ ಬೆರಗಾಗುತ್ತಾರೆ. ಕೆಲವು ಮದನಿಕೆಯರ ಕೆಳಗೆ ಕೆತ್ತಿದವರ ಹೆಸರಿದೆ. ಅವರಲ್ಲಿ ಒಬ್ಬ ದಾಸೋಜ, ಇನ್ನೊಬ್ಬ ಅವನ ಮಗ ಚಾವಣ. ಅವರ ಊರು ಬಳ್ಳಿಗಾವಿ. ಹೌದು, ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯೇ. ಚಾಲುಕ್ಯರ ಕಾಲದ ದೊಡ್ಡ ಪಟ್ಟಣದಿಂದ ಹೊಯ್ಸಳರ ಕೆಲಸಕ್ಕೆ ಹೋದ ಶಿಲ್ಪಿಗಳು ಇವರು.

ಈಗ ಯೋಚಿಸಿ. ಲಿಪಿ ಓದಲು ಬಾರದಿದ್ದರೆ ಈ ಹೆಸರು ಬರೀ ಗೀರುಗಳು. ಲಿಪಿ ಮಾತ್ರ ಬಂದು ಶಿಲ್ಪ ನೋಡಲು ಬಾರದಿದ್ದರೆ ಇದು ಬರೀ ಹೆಸರು. ಎರಡೂ ಬಂದರೆ ಮಾತ್ರ ಮುಂದಿನ ಪ್ರಶ್ನೆ ಹುಟ್ಟುತ್ತದೆ: ದಾಸೋಜನ ಕೈಯಲ್ಲಿ ಬಳ್ಳಿಗಾವಿಯ ರೂಢಿ ಎಷ್ಟು ಉಳಿದಿದೆ? ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಕೆತ್ತನೆಗೂ ಬೇಲೂರಿನ ಕೆತ್ತನೆಗೂ ಏನು ನಂಟು?

ಇಂಥದ್ದೇ ಇನ್ನೊಂದು ಇದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯ 1196ರದ್ದು. ಅಲ್ಲಿ ಮಲ್ಲಿತಮ್ಮನ ಹೆಸರು ಸಿಗುತ್ತದೆ. 13ನೇ ಶತಮಾನದ ನಡುವಿನ ಸೋಮನಾಥಪುರದಲ್ಲೂ ಅದೇ ಹೆಸರು. ನಡುವೆ ಅರವತ್ತು ವರ್ಷಕ್ಕೂ ಮೇಲೆ. ಒಬ್ಬನೇ ಮನುಷ್ಯನ ಇಡೀ ಆಯುಸ್ಸಿನ ಕೆಲಸವಾ, ಅಥವಾ ಒಂದೇ ಹೆಸರಿನ ಇಬ್ಬರಾ? ಕೆತ್ತನೆ ಇಟ್ಟುಕೊಂಡು ವಾದ ಮಾಡಬೇಕಾದ ಪ್ರಶ್ನೆ ಇದು. ಕನ್ನಡ ಬರುವ, ಹಳಗನ್ನಡದ ರುಚಿ ಗೊತ್ತಿರುವ ವಿದ್ಯಾರ್ಥಿಗೆ ಇಲ್ಲಿ ದೆಹಲಿ, ಲಂಡನ್ನಿನವರಿಗೆ ಇಲ್ಲದ ಅನುಕೂಲ ಇದೆ. ಅದನ್ನು ಬಿಟ್ಟುಕೊಡಬೇಡಿ.

ಎರಡರಲ್ಲಿ ಯಾವುದು? ಶಾಸನದ ಕಡೆ ಮನಸ್ಸಿದ್ದರೆ ಧಾರವಾಡ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಅಲ್ಲಿಂದ ಹತ್ತಿರ. ಚಾಲುಕ್ಯ ಶಿಲ್ಪ ಕಣ್ಣಿಗೆ ಕೂತರೆ ಬಳ್ಳಿಗಾವಿ ಅರ್ಥವಾಗುವುದು ಸುಲಭ. ಹೊಯ್ಸಳರ ಕಡೆ ಮನಸ್ಸಿದ್ದರೆ, ಉತ್ಖನನದ ಆಸೆಯೂ ಇದ್ದರೆ ಮೈಸೂರು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಮುಖ್ಯ ಕಚೇರಿ ಮೈಸೂರಿನಲ್ಲೇ ಇದೆ. ತಾಳಗುಪ್ಪದಿಂದ ಸಾಗರ, ಶಿವಮೊಗ್ಗದ ಮೇಲೆ ಮೈಸೂರಿಗೆ ನೇರ ರೈಲಿದೆ. ಊರಿಗೆ ಬಂದು ಹೋಗುವ ಲೆಕ್ಕದಲ್ಲಿ ಇದು ಸಣ್ಣ ಸಂಗತಿ ಏನಲ್ಲ.

ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1991ರಲ್ಲಿ ಶುರುವಾಗಿದ್ದು. ಓದು, ಬರಹ ಎಲ್ಲ ಕನ್ನಡದಲ್ಲಿ. ಕೆಳದಿಯವರು ವಿಜಯನಗರದ ಅಧೀನರಾಗಿ ಶುರುವಾದವರು. ಹಾಗಾಗಿ ಕೆಳದಿ ಕಾಲದ ಕಟ್ಟಡಗಳ ಮೇಲೆ ಸಂಶೋಧನೆ ಮಾಡುವವರಿಗೆ ಹಂಪಿಯ ನೆರೆಹೊರೆ ತುಂಬಾ ಉಪಯೋಗ.

ಕ್ಯಾನ್ವಾಸ್ ಆಯ್ಕೆ ಮಾಡಿಕೊಂಡವರು

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಕಲಾ ಇತಿಹಾಸವನ್ನೇ ವಿಷಯವಾಗಿ ಓದಬಹುದು. ಪದವಿ ಎಂವಿಎ, ಅಂದರೆ ದೃಶ್ಯಕಲೆಯ ಸ್ನಾತಕೋತ್ತರ ಪದವಿ. ಇಲ್ಲಿ ಸುತ್ತಲೂ ಚಿತ್ರ ಬರೆಯುವವರು, ಮೂರ್ತಿ ಮಾಡುವವರು ಇರುತ್ತಾರೆ. ಬಣ್ಣ ಹೇಗೆ ಒಣಗುತ್ತದೆ, ಎಚ್ಚಿಂಗ್ ತಗಡು ಹೇಗೆ ತಯಾರಾಗುತ್ತದೆ ಅನ್ನುವುದು ಕಣ್ಣೆದುರೇ ನಡೆಯುತ್ತದೆ. ವೆಂಕಟಪ್ಪ ಚಿತ್ರಶಾಲೆ, 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ಮ್ಯಾಪ್, ಎಲ್ಲ ಒಂದೇ ಊರಿನಲ್ಲಿ. ಗ್ಯಾಲರಿ ಕೆಲಸ, ಪ್ರದರ್ಶನ ಸಂಯೋಜನೆ, ಕಲಾ ಬರವಣಿಗೆ ಮಾಡಬೇಕೆನ್ನುವವರಿಗೆ ಬೆಂಗಳೂರು ಅನುಕೂಲ. ಬಾಡಿಗೆ, ಊಟದ ಖರ್ಚು ಮಾತ್ರ ಜಾಸ್ತಿ.

ಆಧುನಿಕ ಭಾರತೀಯ ಕಲೆಯನ್ನು ಆಳವಾಗಿ ಓದಬೇಕು, ಊರು ಬಿಟ್ಟು ಹೋಗಲು ಸಿದ್ಧ ಅಂದರೆ ನನ್ನ ಮೊದಲ ಆಯ್ಕೆ ಬರೋಡ. ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಕಲಾ ಇತಿಹಾಸ ಮತ್ತು ಸೌಂದರ್ಯಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಕೆ.ಜಿ. ಸುಬ್ರಮಣ್ಯನ್, ಗುಲಾಮ್ ಮೊಹಮ್ಮದ್ ಶೇಖ್ ಅವರಂಥವರು ಪಾಠ ಮಾಡಿದ ಜಾಗ. ಅವರು ಚಿತ್ರವನ್ನೂ ಬರೆದರು, ಕಲೆಯ ಬಗ್ಗೆಯೂ ಬರೆದರು.

ಶಾಂತಿನಿಕೇತನದ ಕಲಾಭವನ ಇನ್ನೂ ಹಳೆಯದು, 1919ರದ್ದು. ಅದನ್ನು ಹಸೆ ಚಿತ್ತಾರದಲ್ಲಿ ಆಸಕ್ತಿ ಇರುವವರಿಗೆ ವಿಶೇಷವಾಗಿ ಹೇಳುತ್ತೇನೆ. ಬಂಗಾಳದ ಹೆಂಗಸರು ನೆಲದ ಮೇಲೆ ಬರೆಯುವ ಆಲ್ಪನಾವನ್ನು ನಂದಲಾಲ್ ಬೋಸ್ ಕಾಲದಿಂದ ಕಲಾಶಾಲೆಯ ಒಳಗೆ ಗೌರವದಿಂದ ತಂದವರು ಅಲ್ಲಿನವರು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಲ್ಲಿ, ಪುಂಡಿನಾರಿನ ಕುಂಚದಲ್ಲಿ ಬರೆಯುವ ಗೆರೆಗಳಿಗೆ, ಭೂಮಿ ಹುಣ್ಣಿಮೆಗೆ ಸಿಂಗರಿಸುವ ಭೂಮಣ್ಣಿ ಬುಟ್ಟಿಗೆ ಕಲಾ ಇತಿಹಾಸದಲ್ಲಿ ಜಾಗ ಎಲ್ಲಿ? ಈ ಪ್ರಶ್ನೆ ಕೇಳಲು ಆ ವಾತಾವರಣ ಒಳ್ಳೆಯದು. ಬಂಗಾಳ ದೂರವಾಯಿತು ಅನ್ನುವವರಿಗೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಅಲ್ಲಿ ಚಿತ್ತಾರವನ್ನು ಬರೆಯುವವರ ಬದುಕಿನ ಜೊತೆಗೇ ಓದಬಹುದು. ಗೆರೆ, ವಿನ್ಯಾಸದ ವಿಶ್ಲೇಷಣೆ ಮಾತ್ರ ನೀವೇ ಕಲಿಯಬೇಕು.

ನೋಯ್ಡಾ, ದೆಹಲಿ, ಕಾಶಿ

ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಬೇಕು ಅಂತ ಗಟ್ಟಿ ಮನಸ್ಸಿದ್ದರೆ ನೋಯ್ಡಾದ ಭಾರತೀಯ ಪರಂಪರಾ ಸಂಸ್ಥೆಯನ್ನು ನೋಡಿ. ಮೊದಲು ಇದು ರಾಷ್ಟ್ರೀಯ ವಸ್ತುಸಂಗ್ರಹಾಲಯ ಸಂಸ್ಥೆ ಅಂತ ದೆಹಲಿಯಲ್ಲಿತ್ತು. ಕಲಾ ಇತಿಹಾಸ, ಸಂರಕ್ಷಣೆ, ವಸ್ತುಸಂಗ್ರಹಾಲಯ ಶಾಸ್ತ್ರ, ಮೂರರಲ್ಲೂ ಎಂ.ಎ ಇದೆ. ಸಂರಕ್ಷಣೆಗೆ ರಸಾಯನಶಾಸ್ತ್ರ ಗೊತ್ತಿದ್ದರೆ ಒಳ್ಳೆಯದು, ಬಿ.ಎಸ್ಸಿ ಮಾಡಿದವರು ಇದನ್ನು ಗಮನಿಸಿ.

ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ (ಜೆಎನ್‌ಯು) ಕಲೆ ಮತ್ತು ಸೌಂದರ್ಯಶಾಸ್ತ್ರ ಶಾಲೆಯಲ್ಲಿ ದೃಶ್ಯಕಲೆ, ರಂಗಭೂಮಿ, ಸಿನಿಮಾ ಮೂರೂ ಒಟ್ಟಿಗೆ. ಯಾವ ಡಿಗ್ರಿ ಮಾಡಿದವರೂ ಅರ್ಜಿ ಹಾಕಬಹುದು. ಸಿದ್ಧಾಂತದ ಓದು ಜಾಸ್ತಿ, ಇಂಗ್ಲಿಷ್ ಪುಸ್ತಕ ರಾಶಿ ರಾಶಿ. ಯಕ್ಷಗಾನವನ್ನೂ ಶಿಲ್ಪವನ್ನೂ ಒಟ್ಟಿಗೆ ಯೋಚಿಸುವವರಿಗೆ ಹೊಂದುತ್ತದೆ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲೂ ಕಲಾ ಇತಿಹಾಸ ವಿಭಾಗ ಇದೆ. ಆವರಣದಲ್ಲೇ ಭಾರತ ಕಲಾ ಭವನ ವಸ್ತುಸಂಗ್ರಹಾಲಯ ಇರುವುದರಿಂದ ಚಿಕಣಿ ವರ್ಣಚಿತ್ರಗಳ ಪರಂಪರೆ ಓದುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ.

ದಿನಾಂಕದ ವಿಷಯದಲ್ಲಿ ಇಲ್ಲೊಂದು ಎಚ್ಚರಿಕೆ ಬೇಕು. ಜೆಎನ್‌ಯು, ಬನಾರಸ್‌ಗೆ ಸಿಯುಇಟಿ ಪಿಜಿ ಅನ್ನುವ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ಈಚಿನ ವರ್ಷಗಳಲ್ಲಿ ಈ ಪರೀಕ್ಷೆ ಮಾರ್ಚ್‌ನಲ್ಲಿ ನಡೆಯುತ್ತಿದೆ. ಅರ್ಜಿಯ ಸಮಯ ಅದಕ್ಕೂ ಮುಂಚೆಯೇ ಮುಗಿಯುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಪ್ರವೇಶ ಪ್ರಕಟಣೆ ಬರುವುದು ಡಿಗ್ರಿ ಪರೀಕ್ಷೆಯ ಸುತ್ತಮುತ್ತ. ಫಲಿತಾಂಶ ಬರಲಿ, ಆಮೇಲೆ ನೋಡೋಣ ಅಂತ ಕೂತರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿರುತ್ತದೆ. ಐದನೇ ಸೆಮಿಸ್ಟರ್ ಮುಗಿಯುವಾಗಲೇ ತೀರ್ಮಾನ ಮಾಡಿ.

ವಿದೇಶ

ವಿದ್ಯಾರ್ಥಿವೇತನ ಇಲ್ಲದೆ ಬೇಡ. ತೋಟ ಅಡ ಇಟ್ಟು ಹೋಗುವ ವಿಷಯ ಇದಲ್ಲ. ಬ್ರಿಟನ್‌ನ ಒಂದು ವರ್ಷದ ಕೋರ್ಸಿಗೆ ಹೊರದೇಶದವರ ಶುಲ್ಕವೇ 20 ಸಾವಿರ ಪೌಂಡ್ ದಾಟುತ್ತದೆ. ಲಂಡನ್ನಿನ ಶಿಕ್ಷಣ ಸಂಸ್ಥೆಗಳಲ್ಲಿ ಕೋರ್ಟಾಲ್ಡ್ ಯುರೋಪಿನ ಕಲೆಗೆ ಹೆಸರುವಾಸಿ, ಸೋಯಾಸ್ ಏಷ್ಯಾದ ಕಲೆಗೆ. ಜರ್ಮನಿಯ ಹೈಡೆಲ್‌ಬರ್ಗ್ ಇರುವ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಶುಲ್ಕ. ಬ್ರಿಟನ್ನಿಗೆ ಹೋಲಿಸಿದರೆ ಇದು ತುಂಬಾ ಕಡಿಮೆ. ಅಲ್ಲಿ ದಕ್ಷಿಣ ಏಷ್ಯಾ ಅಧ್ಯಯನ ಸಂಸ್ಥೆಯೂ ಇದೆ.

ವಿದ್ಯಾರ್ಥಿವೇತನದ ನಿಯಮಗಳನ್ನು ಕೂತು ಪೂರ್ತಿ ಓದಿ. ಬ್ರಿಟನ್ನಿನ ಚೀವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮ 2022ರಲ್ಲಿ ಬದಲಾಯಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸದ ವಿಷಯಗಳನ್ನು ಅದರಿಂದ ಹೊರಗಿಟ್ಟರು. ಹೊಯ್ಸಳ ಶಿಲ್ಪ ಓದಲು ಹೊರಟ ಬಡ ಮನೆಯ ಹುಡುಗಿಗೆ ಇದರಿಂದ ಅನ್ಯಾಯವಾಯಿತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅರ್ಜಿ ಹಾಕುವ ವರ್ಷದ ನಿಯಮ ನೋಡಿಕೊಂಡೇ ಮುಂದುವರಿಯಿರಿ.

"ಅದನ್ನು ಓದಿ ಏನು ಮಾಡ್ತೀಯ?"

ಮನೆಯವರ ಈ ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳಬೇಡಿ. ಸರಿಯಾದ ಪ್ರಶ್ನೆ ಅದು. ಉತ್ತರ ನೀವು ತೆಗೆದುಕೊಳ್ಳುವ ಪದವಿಯ ಹೆಸರಿನ ಮೇಲೆ ನಿಂತಿದೆ. ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆ ಯುಜಿಸಿ ನೆಟ್‌ನಲ್ಲಿ ಇತಿಹಾಸ ಒಂದು ವಿಷಯ, ಪುರಾತತ್ವ ಇನ್ನೊಂದು. ಕಲಾ ಇತಿಹಾಸ ಬರುವುದು ದೃಶ್ಯಕಲೆ ಅನ್ನುವ ವಿಷಯದ ಒಳಗೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಬೇಕು ಅನ್ನುವವರು ಇತಿಹಾಸ ಎಂ.ಎ ಮಾಡಬೇಕು. ಕಲಾ ಇತಿಹಾಸದ ಎಂವಿಎ ಇಟ್ಟುಕೊಂಡು ಆ ಹುದ್ದೆಗೆ ಹೋಗಲು ಆಗುವುದಿಲ್ಲ. ದೃಶ್ಯಕಲಾ ಕಾಲೇಜುಗಳಲ್ಲಿ ಅವಕಾಶ ಇದೆ, ಆದರೆ ಕಾಲೇಜುಗಳ ಸಂಖ್ಯೆಯೇ ಸಣ್ಣದು. ಭಾರತೀಯ ಪುರಾತತ್ವ ಸರ್ವೇಕ್ಷಣೆ, ರಾಜ್ಯ ಪುರಾತತ್ವ ಇಲಾಖೆಯ ಹುದ್ದೆಗಳಿಗೆ ಇತಿಹಾಸ, ಪುರಾತತ್ವ ಓದಿದವರಿಗೆ ದಾರಿ ಸಲೀಸು. ಬೆಂಗಳೂರಿನ ಖಾಸಗಿ ಸಂಗ್ರಹಾಲಯ, ಗ್ಯಾಲರಿ, ಸಂರಕ್ಷಣಾ ಕೇಂದ್ರಗಳು ಪದವಿಯ ಹೆಸರಿಗಿಂತ ನೀವು ಬರೆದದ್ದನ್ನು, ಮಾಡಿದ್ದನ್ನು ನೋಡುತ್ತವೆ.

ಸಂಬಳ ಬೇಗ ಬೇಕಾದ ಮನೆಯ ಮಕ್ಕಳಿಗೆ ನಾನು ಹೇಳುವುದು: ಮೈಸೂರಿನಲ್ಲೋ ಧಾರವಾಡದಲ್ಲೋ ಶಂಕರಘಟ್ಟದಲ್ಲೋ ಇತಿಹಾಸದ ಕಡೆಯ ಪದವಿ ಪಡೆಯಿರಿ, ನೆಟ್ ಮುಗಿಸಿ, ಪಿಎಚ್‌ಡಿಯನ್ನು ಕಲೆಯ ಮೇಲೆ ಮಾಡಿ. ಒಂದೆರಡು ವರ್ಷ ಕಾಯುವ ಅನುಕೂಲ ಇದ್ದವರು ಬರೋಡ, ನೋಯ್ಡಾಗೆ ಧೈರ್ಯವಾಗಿ ಹೋಗಿ.

ಅರ್ಜಿಗೆ ಮುಂಚೆ

ಕನ್ನಡ ಮಾಧ್ಯಮದವರು ಇಂಗ್ಲಿಷಿನ ಭಯಕ್ಕೆ ಹೊರ ರಾಜ್ಯದ ಆಸೆ ಬಿಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಒಂದು ವರ್ಷ ಮುಂಚೆ ಶುರು ಮಾಡಿದರೆ ಸಾಕು. ಮ್ಯಾಪ್ ಅಕಾಡೆಮಿಯ ಭಾರತೀಯ ಕಲೆಯ ಪಾಠಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಮತ್ತು ಎಂಟನೇ ಸಂಪುಟಗಳಲ್ಲಿ ಹಳೇ ಶಿವಮೊಗ್ಗ ಜಿಲ್ಲೆಯ ಶಾಸನಗಳಿವೆ. ಕನ್ನಡ ಪಾಠ, ಇಂಗ್ಲಿಷ್ ಅನುವಾದ ಎರಡೂ ಇದೆ. ನಿಮ್ಮ ತಾಲ್ಲೂಕಿನ ಶಾಸನವನ್ನು ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ಓದಿ. ವಿಷಯವೂ ಬರುತ್ತದೆ, ಇಂಗ್ಲಿಷೂ ಬರುತ್ತದೆ.

ಇದರ ಜೊತೆ ಒಂದೇ ಒಂದು ವಸ್ತುವಿನ ಮೇಲೆ ನಾಲ್ಕೈದು ಪುಟ ಬರೆದಿಟ್ಟುಕೊಳ್ಳಿ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಆವರಣದಲ್ಲಿ ಬೇರೆ ಬೇರೆ ಊರಿನಿಂದ ತಂದ ಶಿಲ್ಪ, ವೀರಗಲ್ಲುಗಳಿವೆ. ಒಂದು ವೀರಗಲ್ಲನ್ನು ಆರಿಸಿಕೊಳ್ಳಿ. ಕೆಳಗಿನ ಪಟ್ಟಿಯಲ್ಲಿ ಯುದ್ಧ ಹೇಗೆ ತೋರಿಸಿದ್ದಾರೆ, ನಡುವೆ ವೀರನನ್ನು ಕರೆದೊಯ್ಯುವವರು ಯಾರು, ಮೇಲೆ ಯಾವ ದೇವರು, ಯಾರ ಆಕೃತಿ ದೊಡ್ಡದು, ಯಾರದ್ದು ಸಣ್ಣದು? ಬೆಳಿಗ್ಗೆಯ ಬೆಳಕಿನಲ್ಲಿ ಒಮ್ಮೆ, ಸಂಜೆಯ ಬೆಳಕಿನಲ್ಲಿ ಒಮ್ಮೆ ನೋಡಿ. ಪೆನ್ಸಿಲ್‌ನಲ್ಲಿ ಬಿಡಿಸಿ, ಚಿತ್ರ ಚೆನ್ನಾಗಿ ಬರಬೇಕು ಅಂತೇನಿಲ್ಲ. ಸಂದರ್ಶನದಲ್ಲಿ "ನೀವು ಇತ್ತೀಚೆಗೆ ಗಮನವಿಟ್ಟು ನೋಡಿದ ಕಲಾಕೃತಿ ಯಾವುದು?" ಅಂತ ಕೇಳಿದರೆ ಅಜಂತಾ, ಎಲ್ಲೋರಾ ಅನ್ನುವ ಹತ್ತು ಜನರ ನಡುವೆ ನೀವು ಈ ವೀರಗಲ್ಲಿನ ಬಗ್ಗೆ ಹತ್ತು ನಿಮಿಷ ಮಾತಾಡಬಹುದು. ಆ ಬರಹದ ಪ್ರತಿಯನ್ನು ಅರ್ಜಿಯ ಜೊತೆಗಿಡಿ, ಇನ್ನೊಂದನ್ನು ಸಂದರ್ಶನಕ್ಕೆ ಕೈಯಲ್ಲಿ ಹಿಡಿದು ಹೋಗಿ.